ಒಂಬತ್ತನೆಯ ಹೆಸರು

ನೋರ್ಡಾಲ್, ಮಿನೆಸೋಟ
ಜೂನ್ ೨೪, ೧೯೩೨

ಪ್ರೀತಿಯ ಸಿಗ್ನೆ,

ನಿನ್ನ ತಂತಿ ಬಂದಾಗ ನಾನು ಹಿಟ್ಟಿನ ಕೈಯಲ್ಲಿದ್ದೆ. ಅಂಚೆಯ ಓಲ್ಸನ್ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಓದಿಬಿಟ್ಟ: “ಐನೊ ಆಯ್ಕೆಯಾದ. ಭಾವ?” ಅಕ್ಕಪಕ್ಕದವರಿಗೆಲ್ಲ ಕೇಳಿಸಿತು. ಭಾವನೂ ಆಯ್ಕೆಯಾದರು ಕಣೇ! ನಮ್ಮ ಪಕ್ಷದಿಂದ ನಿಲ್ಲುವ ಒಂಬತ್ತು ಜನರಲ್ಲಿ ಈಗ ನನ್ನ ಗಂಡ ಒಬ್ಬರು, ನಿನ್ನ ಗಂಡ ಒಬ್ಬ. ಹಾಲಿನ ಸೊಸೈಟಿಯ ಮ್ಯಾನೇಜರು ಮತ್ತು ಗಣಿ ಕೆಲಸಗಾರರ ವಕೀಲ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಇಬ್ಬರು ಕಾಂಗ್ರೆಸ್ ಸದಸ್ಯರನ್ನು ಕಟ್ಟಿಕೊಂಡರು ಎಂದು ನಾಳೆ ಜನ ಹೇಳಿಕೊಳ್ಳಬಹುದು. ಹೇಳಿಕೊಳ್ಳಲಿ.

ಬೇರೆ ವರ್ಷವಾಗಿದ್ದರೆ ನಾವು ಪಶ್ಚಿಮದ ಕ್ಷೇತ್ರದಲ್ಲಿ, ನೀವು ಉತ್ತರದ ಕ್ಷೇತ್ರದಲ್ಲಿ, ನಮ್ಮ ಪಾಡಿಗೆ ನಾವು ಓಟು ಕೇಳಿಕೊಂಡು ಇರುತ್ತಿದ್ದೆವು. ಈ ಸಲ ರಾಜ್ಯದ ಹತ್ತು ಸೀಟು ಒಂಬತ್ತಾಗಿ, ಹೊಸ ಗಡಿ ಎಲ್ಲಿ ಎಳೆಯುವುದೆಂದು ಗವರ್ನರೂ ಶಾಸನಸಭೆಯವರೂ ಕಿತ್ತಾಡಿ, ಕೊನೆಗೆ ಕೋರ್ಟು ಆ ನಕ್ಷೆಯನ್ನೇ ತಳ್ಳಿಹಾಕಿ, ಬೇಲಿಯೇ ಇಲ್ಲದಂತಾಗಿದೆ. ಇಡೀ ರಾಜ್ಯ ಒಂದೇ ಬಯಲು. ಮೂವತ್ತು ಚಿಲ್ಲರೆ ಹೆಸರುಗಳಿರುವ ಚೀಟಿ, ಒಬ್ಬೊಬ್ಬ ಮತದಾರನಿಗೂ ಒಂಬತ್ತು ಗುರುತು. ಯಾರಿಗೆ ಹೆಚ್ಚು ಬಿತ್ತೋ ಆ ಮೊದಲ ಒಂಬತ್ತು ಜನ ವಾಷಿಂಗ್ಟನ್ನಿನ ಕಾಂಗ್ರೆಸ್ ಸಭೆಗೆ.

ಅದಕ್ಕೇ ಇವರು ಒಂದು ಯೋಚನೆ ಹೇಳಿದರು. ಹಾಲ್ವರ್ ಟೊಲ್ಲೆಫ್ಸ್ರುಡ್ ಎಂದರೆ ನಿಮ್ಮ ಗಣಿಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲ. ಐನೊ ಲಾಹ್ಟಿನೆನ್ ಎಂದರೆ ನಮ್ಮ ಹೊಲದ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಲ್ಲಿ ನಾವು ಐನೊಗೂ ಕೇಳೋಣ, ಅಲ್ಲಿ ನೀವು ಇವರಿಗೂ ಕೇಳಿ. “ಪ್ರತಿಯೊಂದು ಸಭೇಲೂ ಒಂಬತ್ತೂ ಹೆಸರು ಹೇಳ್ತೀನಿ, ಐನೊಂದನ್ನ ಕೊನೇಲಿ, ಜೋರಾಗಿ ಹೇಳ್ತೀನಿ. ಕೊನೇಲಿ ಹೇಳಿದ್ದು ಜನಕ್ಕೆ ನೆನಪಿರುತ್ತೆ” ಎಂದರು. ಅವರ ಮಾತು ಅವರ ಬಾಯಿಯಿಂದ ಬಂದಂತೆಯೇ ಬರೆದಿದ್ದೇನೆ. ಐನೊನಿಗೆ ತೋರಿಸು.

ನಿನ್ನ ಅಕ್ಕ,
ರಾಗ್ನಾ


ಕಾರ್ಪಿಲಾ
ಜುಲೈ ೫, ೧೯೩೨

ಅಕ್ಕಾ,

ಒಪ್ಪಿದೆವು. ಐನೊ ನಿನ್ನ ಪತ್ರವನ್ನು ಓದಿ, “ನಿಮ್ಮ ಭಾವ ಇಷ್ಟು ಒಳ್ಳೆಯವ್ರು ಅಂತ ಹನ್ನೊಂದು ವರ್ಷದಿಂದ ಯಾಕೆ ಮುಚ್ಚಿಟ್ಟಿದ್ದೆ?” ಎಂದ. ನಮ್ಮ ಮದುವೆಗೆ ನಮ್ಮ ಕಡೆಯಿಂದ ನೀನೊಬ್ಬಳೇ ಬಂದಿದ್ದೆ, ಭಾವನಿಗೆ ಅಂದು ಹಸು ಈಯುವುದಿತ್ತು ಎಂಬುದನ್ನು ನಾನು ಜ್ಞಾಪಿಸಲಿಲ್ಲ.

ಇಲ್ಲಿ ಹೊಸ ಕೆಲಸ ಶುರುವಾಗಿದೆ: ಫಿನ್‌ಲೆಂಡಿನಿಂದ ಬಂದ ಈ ಫಿನ್ನರಿಗೆ ನಮ್ಮ ನಾರ್ವೆಯ ಹೆಸರು ಕಲಿಸುವುದು. ಮೊನ್ನೆ ಕೆಲಸಗಾರರ ಕೂಟದ ಹಾಲ್‌ನಲ್ಲಿ ಕಾಫಿ, ಏಲಕ್ಕಿ ಬ್ರೆಡ್ಡು ಇಟ್ಟುಕೊಂಡು ಹೆಂಗಸರನ್ನು ಸೇರಿಸಿದೆ. ಭಾವನ ಹೆಸರನ್ನು ಹಲಗೆಯ ಮೇಲೆ ಬರೆದು ಓದಿ ತೋರಿಸಿದೆ. ಹಿಲ್ಯಾ ಅಜ್ಜಿ ಕೈ ಕಿವಿಗಿಟ್ಟು, “ಅದೇನೇ ಅದು, ಹೆಸರೋ ಕೆಮ್ಮೋ?” ಎಂದಳು.

“ಬಾಯಿಗೆ ಬರದಿದ್ರೂ ಪರವಾಗಿಲ್ಲ ಅಜ್ಜಿ, ಪೆನ್ಸಿಲ್ಲಿಗೆ ಬಂದ್ರೆ ಸಾಕು.”

“ನಿನ್ನ ಅಕ್ಕನ ಗಂಡ ಅಂತೀಯ, ಹಾಕ್ತೀನಿ. ಕೆಲಸ ಇಲ್ಲದೋರಿಗೆ ವಿಮೆ ಕೊಡ್ಸೋ ಕಾನೂನಿಗೆ ಕೈ ಎತ್ತುತಾನಾ?”

ಎತ್ತುತ್ತಾರೆ ಎಂದೆ. ಎತ್ತುತ್ತಾರೆ ತಾನೆ? ಗಣಿ ವಸಂತದಿಂದ ನಿಂತಿದೆ. ಊರಿಗೆ ಊರೇ ಮೌನ. ಗಂಡಸರು ಬೆಳಗಾದರೆ ಅಭ್ಯಾಸಬಲದಿಂದ ಗಣಿಯ ಗೇಟಿನವರೆಗೆ ನಡೆದು ಹೋಗುತ್ತಾರೆ, ನೋಡುತ್ತಾರೆ, ವಾಪಸು ಬರುತ್ತಾರೆ. ಆ ಬೂಟುಗಳ ಸದ್ದು ಹೋಗುವಾಗ ಒಂದು ಥರ, ಬರುವಾಗ ಇನ್ನೊಂದು ಥರ. ನನಗೆ ಮನೆಯಲ್ಲಿ ಕೂರಲಾಗುವುದಿಲ್ಲ.

ಐನೊ ದಕ್ಷಿಣದ ಜೋಳದ ಸೀಮೆಗೆ ಹೊರಟಿದ್ದಾನೆ. ರೈಲು ನಿಲ್ದಾಣದ ಬೆಂಚೇ ಹಾಸಿಗೆ. ನಿಮ್ಮ ಕಡೆಗೆ ಬರಬೇಕೆಂದರೆ, “ಅಲ್ಲಿ ನಿಮ್ಮ ಭಾವ ಇದಾರಲ್ಲ, ನಾನು ಯಾಕೆ?” ಅನ್ನುತ್ತಾನೆ. ಜನ ಅವನ ಹೆಸರು ಹೇಳುತ್ತಿದ್ದಾರಾ ಅಕ್ಕ? ಹೇಗೆ ಹೇಳುತ್ತಾರೆ? ಬರೆ.

ಸಿಗ್ನೆ


ನೋರ್ಡಾಲ್
ಆಗಸ್ಟ್ ೧೬, ೧೯೩೨

ಪ್ರೀತಿಯ ಸಿಗ್ನೆ,

ಬರೆಯುವುದು ತಡವಾಯಿತು. ಒಕ್ಕಣೆಯ ಕಾಲ, ಹೊಲದ ಆಳುಗಳಿಗೆ ಬೇಯಿಸಿ ಬಡಿಸುವುದರಲ್ಲೇ ಹೊತ್ತು ಹೋಗುತ್ತದೆ. ಅದರ ಮೇಲೆ ಇವರ ಸಭೆಗಳು. ಕಾರಿನ ಹಿಂದಿನ ಸೀಟಿನಲ್ಲಿ ಲೆಫ್ಸೆ ರೊಟ್ಟಿಯ ಡಬ್ಬಿ ಹಿಡಿದುಕೊಂಡು ಊರೂರು ಸುತ್ತುತ್ತಿದ್ದೇನೆ. ಗಾಳಿಗೆ ಎದ್ದ ಧೂಳು ಹಲ್ಲಿನಲ್ಲಿ ಕರಕರ ಅನ್ನುತ್ತದೆ.

ಎಲ್ಲ ಚೆನ್ನಾಗಿ ನಡೆಯುತ್ತಿದೆ. ಇವರ ಮಾತನ್ನು ಜನ ಮೆಚ್ಚುತ್ತಾರೆ. ಐನೊನ ವಿಷಯವನ್ನು ಸಂದರ್ಭ ಒದಗಿದಲ್ಲೆಲ್ಲ ಹೇಳುತ್ತಾರೆ.

ಒಂದು ಕೇಳಬೇಕಿತ್ತು, ತಪ್ಪು ತಿಳಿಯಬೇಡ. ಐನೊ ಚರ್ಚಿಗೆ ಹೋಗುತ್ತಾನೆಯೇ? ಹೋಗದಿದ್ದರೂ ಚಿಂತೆಯಿಲ್ಲ, ಚರ್ಚಿನ ಮುಂದೆ ನಿಂತ ಅವನ ಒಂದು ಫೋಟೋ ಇದ್ದರೆ ಕಳಿಸು. ಇಲ್ಲಿ ಕೆಲವರು ಕೇಳುತ್ತಾರೆ. ಫಿನ್ನರೆಂದರೆ ಹಾಲ್‌ಗೆ ಹೋಗುವವರು, ಕೆಂಪು ಬಾವುಟದವರು ಎಂದು ಈ ಜನರ ತಲೆಯಲ್ಲಿದೆ. ನನಗೆ ಗೊತ್ತು ಅವನು ಹಾಗಲ್ಲವೆಂದು. ಆದರೂ ಒಂದು ಫೋಟೋ.

ತೋಟದಲ್ಲಿ ಟೊಮೆಟೊ ಚೆನ್ನಾಗಿ ಬಂದಿದೆ. ಇವರು ನಿಮ್ಮಿಬ್ಬರನ್ನೂ ಕೇಳಿದೆನೆಂದು ಬರೆ ಎಂದರು.

ನಿನ್ನ
ರಾಗ್ನಾ


ಡುಲುತ್ ರೈಲು ನಿಲ್ದಾಣ
ಆಗಸ್ಟ್ ೨೯, ೧೯೩೨

ಅಕ್ಕಾ,

ಐನೊನನ್ನು ಇಲ್ಲಿ ರೈಲು ಹತ್ತಿಸಲು ಬಂದವಳು ಬೆಂಚಿನ ಮೇಲೆ ಕೂತೇ ಬರೆಯುತ್ತಿದ್ದೇನೆ. ಮನೆಗೆ ಹೋಗುವವರೆಗೆ ತಡೆದುಕೊಳ್ಳಲಾರೆ.

ಫೋಟೋ ಇಲ್ಲ. ಐನೊ ಚರ್ಚಿಗೆ ಹೋಗುವುದಿಲ್ಲ. ಹಾಲ್‌ಗೆ ಹೋಗುತ್ತಾನೆ, ಅಲ್ಲಿ ನಾಟಕ ಆಡುತ್ತಾರೆ, ಕುಣಿಯುತ್ತಾರೆ, ಸತ್ತವರ ಮನೆಗೆ ಹಿಟ್ಟು, ಆಲೂಗಡ್ಡೆ ಕೂಡಿಸುತ್ತಾರೆ. ಇದನ್ನು ಹೇಳಲು ಭಾವನಿಗೆ ಫೋಟೋ ಯಾಕೆ ಬೇಕು?

ಹಾಲಿನಿಂದ ಕೆನೆ ತೆಗೆಯುವ ಯಂತ್ರ ಮಾರುವ ಮಟ್ಟಿಲಾ ನಿಮ್ಮ ಸೀಮೆಗೆ ಬಂದಿದ್ದ. ನೋರ್ಡಾಲ್ ಪಾರ್ಕಿನಲ್ಲಿ ಭಾವನ ಭಾಷಣವನ್ನು ಮುಂದಿನ ಸಾಲಿನಲ್ಲೇ ನಿಂತು ಕೇಳಿದನಂತೆ. “ಚೆನ್ನಾಗಿ ಮಾತಾಡ್ತಾರಮ್ಮ ನಿಮ್ಮ ಭಾವ. ಪಕ್ಷದೋರ ಹೆಸರನ್ನೆಲ್ಲ ಬೆರಳು ಮಡಚಿ ಮಡಚಿ ಹೇಳಿದ್ರು. ನಾನೂ ಜೊತೇಲಿ ಮಡಚ್ತಾ ಹೋದೆ. ಎಂಟಕ್ಕೆ ನಿಂತುಹೋಯ್ತು. ಯಾರೋ ಹಿಂದಿನಿಂದ, ‘ಇನ್ನೊಂದೆಲ್ಲಿ ಹಾಲ್ವರ್?’ ಅಂತ ಕೂಗಿದ. ನಿಮ್ಮ ಭಾವ ಲೋಟ ಎತ್ತಿ ನೀರು ಕುಡಿದ್ರು. ಬ್ಯಾಂಡ್ ಶುರುವಾಯ್ತು” ಎಂದ.

ಮಟ್ಟಿಲಾನಿಗೆ ಕಿವಿ ಮಂದ ಎಂದು ನೀನು ಬರೆದರೆ ನಂಬುತ್ತೇನೆ. ಬರೆ. ಇಲ್ಲಿ ನಾನು ಭಾವನ ಹೆಸರನ್ನು ಕೆಮ್ಮಿ ಕೆಮ್ಮಿ ಕಲಿಸುತ್ತಿದ್ದೇನೆ.

ಸಿಗ್ನೆ


ನೋರ್ಡಾಲ್
ಸೆಪ್ಟೆಂಬರ್ ೧೨, ೧೯೩೨

ಸಿಗ್ನೆ,

ಊರೂರು ತಿರುಗುವ ವ್ಯಾಪಾರಿಯ ಬಾಯಿಯಿಂದ ಅಕ್ಕನ ಮನೆಯ ಸುದ್ದಿ ತಿಳಿದುಕೊಳ್ಳುವಷ್ಟು ನಾವು ದೂರವಾದೆವೆ?

ಹೌದು, ಪಾರ್ಕಿನಲ್ಲಿ ಇವರು ಐನೊನ ಹೆಸರು ಹೇಳಲಿಲ್ಲ. ಇನ್ನೊಂದು ಕಡೆಯೂ ಹೇಳಲಿಲ್ಲ. ಅಷ್ಟೇ, ಎರಡು ಕಡೆ. ಚರ್ಚಿನ ಹಿರಿಯರು ಮೂವರು ಮನೆಗೆ ಬಂದಿದ್ದರು. ನನ್ನ ಕೈಯ ಕಾಫಿ ಕುಡಿದು, ನನ್ನೆದುರೇ, “ಹಾಲ್ವರ್, ನಿನಗೆ ಹಾಕ್ತೀವಿ. ಆ ಫಿನ್‌ನ ನಮ್ಮ ತಲೆಗೆ ಕಟ್ಟಬೇಡ. ಕಟ್ಟಿದ್ರೆ ಇಬ್ಬರಿಗೂ ಇಲ್ಲ” ಎಂದರು. ಅವರು ಹೇಳಿದಂತೆ ಹಾಕುವ ಮನೆಗಳು ಈ ಜಿಲ್ಲೆಯ ಅರ್ಧ. ಇವರು ಏನು ಮಾಡಬೇಕಿತ್ತು? ಇಬ್ಬರೂ ಮುಳುಗುವುದಕ್ಕಿಂತ ಒಬ್ಬರಾದರೂ ದಡ ಸೇರಲಿ ಎಂದುಕೊಂಡರು.

ನಮಗೂ ಸುದ್ದಿ ಬರುತ್ತದೆ. ಡುಲುತ್‌ನ ಒಂದು ಪತ್ರಿಕೆಯಲ್ಲಿ ಬಂದಿದೆ: ಗಣಿಸೀಮೆಯ ಹಾಲ್‌ಗಳಲ್ಲಿ “ಐನೊ ಒಬ್ಬನಿಗೆ ಗುರುತು ಹಾಕಿ, ಮಿಕ್ಕ ಎಂಟನ್ನು ಖಾಲಿ ಬಿಡಿ” ಎಂದು ಹೇಳಿಕೊಡುತ್ತಿದ್ದಾರಂತೆ. ಮಿಕ್ಕವರಿಗೆ ಬೀಳದಿದ್ದರೆ ಅವನು ಮೇಲೇರುತ್ತಾನೆ, ಲೆಕ್ಕ ಯಾರಿಗಾದರೂ ತಿಳಿಯುತ್ತದೆ. ಇವರು ಆ ಸುದ್ದಿಯನ್ನು ನನ್ನ ಮುಂದೆ ಹಿಡಿದು, “ನೋಡು ನಿನ್ನ ತಂಗಿಯ ಧರ್ಮ” ಎಂದರು. ನನಗೆ ಏನು ಉತ್ತರ ಹೇಳಲೂ ತೋಚಲಿಲ್ಲ.

ರಾಗ್ನಾ


ಕಾರ್ಪಿಲಾ
ಸೆಪ್ಟೆಂಬರ್ ೨೦, ೧೯೩೨

ರಾಗ್ನಾ,

ನೀನು ಉತ್ತರ ಹೇಳಬಹುದಿತ್ತು. “ನನ್ನ ತಂಗಿ ಅಂಥವಳಲ್ಲ” ಎಂಬ ಒಂದು ಮಾತಿತ್ತು. ಇರಲಿ, ಅದನ್ನು ನೀನು ಹೇಳಿದ್ದರೆ ಅರ್ಧ ಸುಳ್ಳಾಗುತ್ತಿತ್ತು. ಪೂರ್ತಿ ಕೇಳು.

ಒಬ್ಬನಿಗೇ ಹಾಕಿ ಎಂದು ಹೇಳಿಕೊಡುತ್ತಿದ್ದವರಿದ್ದರು, ನಿಜ. ಪಕ್ಕದ ಊರಿನ ಹಾಲ್‌ನ ನಾಲ್ಕು ಜನ ಬಿಸಿರಕ್ತದವರು. ಸುದ್ದಿ ಸಿಕ್ಕ ದಿನವೇ ಐನೊ ಹೋದ. ನಾನೂ ಹೋದೆ. ಅವನು ಬೆಂಚು ಹತ್ತಿ ನಿಂತ.

“ನನಗೊಬ್ಬನಿಗೇ ಹಾಕಿ ಅಂತ ಯಾರು ಹೇಳಿದ್ದು?”

“ನಾವೇ. ಪಶ್ಚಿಮದೋರು ನಿಂಗೆ ಹಾಕ್ತಾರೆ ಅಂದ್ಕೊಂಡಿದೀಯಾ ಐನೊ? ಒಂದೂ ಹಾಕಲ್ಲ.”

“ಹಾಕದಿದ್ರೆ ಬೇಡ. ವಾಷಿಂಗ್ಟನ್ನಲ್ಲಿ ನಾನೊಬ್ನೇ ಕೈ ಎತ್ತಿದ್ರೆ ನಿಮಗೆ ವಿಮೆ ಬರುತ್ತಾ? ಒಂಬತ್ತು ಕೈ ಬೇಕು. ನಾನು ಸೋತ್ರೂ ಎಂಟು ಕೈ ಬೇಕು. ಒಂಬತ್ತೂ ಗುರುತು ಹಾಕಲ್ಲ ಅನ್ನೋರು ನನಗೂ ಹಾಕಬೇಡಿ.”

ಯಾರೋ ಶಿಳ್ಳೆ ಹಾಕಿದರು, ಯಾರೋ ಉಗಿದರು. ಕೊನೆಗೆ ಸರಿ ಎಂದರು. ಡುಲುತ್‌ನ ಪತ್ರಿಕೆಯಲ್ಲಿ ಇದು ಬರಲಿಲ್ಲ.

ಈಗ ನನ್ನದು. ನಿನ್ನ ಪತ್ರ ಬಂದ ಸಂಜೆ ಹೆಂಗಸರ ಕೂಟವಿತ್ತು. ನಾನೂ ಬೆರಳು ಮಡಚಿದೆ. ನಾನೂ ಎಂಟಕ್ಕೆ ನಿಲ್ಲಿಸಿದೆ. ಹಾಯಾಗಿತ್ತು, ನಿಜ ಹೇಳುತ್ತೇನೆ, ಬೂಟಿನೊಳಗಿನ ಕಲ್ಲು ಕೊಡವಿದ ಹಾಗೆ. ಐನೊನಿಗೆ ಯಾರೋ ಹೇಳಿದರು. ಅವನು ನನ್ನ ಮೇಲೆ ದನಿ ಎತ್ತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ನಿಮ್ಮ ಭಾವ ಪುಕ್ಕಲ. ಆದ್ರೆ ಆ ಪುಕ್ಕಲನ ಕೈ ಸರಿಯಾದ ಕಡೆ ಏಳುತ್ತೆ ಸಿಗ್ನೆ. ಅವ್ರು ಗೆಲ್ಲದೆ ಇನ್ನೊಬ್ಬ ಗೆದ್ರೆ, ಆ ಇನ್ನೊಬ್ಬ ಗಣಿ ಕಂಪನಿಯೋರ ಜೊತೆ ಊಟ ಮಾಡೋನು. ನಿನ್ನ ಸಿಟ್ಟಿಗೋಸ್ಕರ ಇಲ್ಲಿಯೋರು ಇನ್ನೊಂದು ಚಳಿಗಾಲ ಉಪವಾಸ ಕೂರಬೇಕಾ?”

ಮರುದಿನ ಅದೇ ಹೆಂಗಸರನ್ನು ಮತ್ತೆ ಕರೆದು ಒಂಬತ್ತನೆಯ ಹೆಸರನ್ನು ಹೇಳಿದೆ. ಇನ್ನು ಮುಂದೆಯೂ ಹೇಳುತ್ತೇನೆ. ನಿನ್ನ ಗಂಡನಿಗಾಗಿ ಅಲ್ಲ, ನಿನಗಾಗಿಯೂ ಅಲ್ಲ.

ಈ ಪತ್ರಕ್ಕೆ ಉತ್ತರ ಬೇಡ.

ಸಿಗ್ನೆ


ನೋರ್ಡಾಲ್
ಅಕ್ಟೋಬರ್ ೨೫, ೧೯೩೨

ಸಿಗ್ನೆ,

ಬೇಡವೆಂದಿದ್ದೆ, ಆದರೂ ಬರೆಯುತ್ತಿದ್ದೇನೆ.

ಶನಿವಾರ ಚರ್ಚಿನ ನೆಲಮಾಳಿಗೆಯ ಮೀನಿನ ಊಟದಲ್ಲಿ ಎಲ್ಲರೆದುರು ನಾನು ಬಾಯಿ ಬಿಟ್ಟೆ. ಐನೊನ ಹೆಸರಿನ ವಿಷಯದಲ್ಲಿ. ಆಡಿದ್ದನ್ನು ಇನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ. ಇವರು ಅಂದಿನಿಂದ ಮಾತು ನಿಲ್ಲಿಸಿದ್ದಾರೆ. ಬೇರೆಯವರ ಬಾಯಿಯಿಂದ ನಿನಗೆ ತಲುಪುವ ಮೊದಲು ನಾನೇ ಎಲ್ಲ ಹೇಳಬೇಕು, ಆದರೆ ಬರೆಯಲು ಕೂತು ಮೂರು ಹಾಳೆ ಹರಿದುಹಾಕಿದೆ. ಮಾಡಿದ್ದು ಸರಿಯೋ ತಪ್ಪೋ ಚುನಾವಣೆಯ ದಿನ ತಿಳಿಯುತ್ತದೆ.

ನನ್ನನ್ನು ಕೆಟ್ಟವಳೆನ್ನಬೇಡ.

ರಾಗ್ನಾ


ಕಾರ್ಪಿಲಾ
ನವೆಂಬರ್ ೨, ೧೯೩೨

ರಾಗ್ನಾ,

ತಿಳಿಯಿತು. ಪೂರ್ತಿ ಬರೆಯುವ ಶ್ರಮ ತೆಗೆದುಕೊಳ್ಳಬೇಡ. ಭಾವನೊಬ್ಬರೇ ಹೆಸರು ನುಂಗಿದರು, ಅಕ್ಕನಾದರೂ ಸುಮ್ಮನಿದ್ದಾಳೆ ಎಂಬ ಒಂದು ಸಮಾಧಾನವಿತ್ತು. ಈಗ ನೀನೂ ಚರ್ಚಿನಲ್ಲಿ ಎದ್ದು ನಿಂತು ಆ ಫಿನ್‌ನಿಗೆ ಹಾಕಬೇಡಿ ಎಂದೆಯಾ? ಹಿರಿಯರು ಚಪ್ಪಾಳೆ ತಟ್ಟಿದರಾ? ಮೀನು ಚೆನ್ನಾಗಿ ಬೆಂದಿತ್ತಾ?

ಐನೊನಿಗೆ ನಿನ್ನ ಪತ್ರ ತೋರಿಸಿಲ್ಲ. ತೋರಿಸಿದರೆ ಅವನು ಅದರಲ್ಲೂ ಏನೋ ಒಳ್ಳೆಯದನ್ನು ಹುಡುಕುತ್ತಾನೆ. ಅದನ್ನು ನೋಡಲು ನನಗೆ ಶಕ್ತಿಯಿಲ್ಲ.

ಸಿಗ್ನೆ


ಕಾರ್ಪಿಲಾ
ನವೆಂಬರ್ ೧೧, ೧೯೩೨

ರಾಗ್ನಾ,

ಇದನ್ನು ಅಂಚೆಗೆ ಹಾಕುತ್ತೇನೋ ಇಲ್ಲವೋ ಗೊತ್ತಿಲ್ಲ. ಯಾರೊಂದಿಗಾದರೂ ಮಾತಾಡದಿದ್ದರೆ ಗೋಡೆ ಕೆರೆಯುತ್ತೇನೆ. ಇಷ್ಟು ವರ್ಷ ಮಾತಾಡಿದ್ದು ನಿನ್ನೊಂದಿಗೇ, ಬಾಯಿಗೆ ಬೇರೆ ದಾರಿ ಗೊತ್ತಿಲ್ಲ.

ಮಂಗಳವಾರ ಓಟು ಹಾಕಿದೆ. ಮೇಜುಬಟ್ಟೆಯಷ್ಟು ಉದ್ದದ ಚೀಟಿ. ಐನೊನಿಗೆ ಹಾಕಿದೆ, ಪಕ್ಷದ ಮಿಕ್ಕ ಏಳು ಜನಕ್ಕೆ ಹಾಕಿದೆ. ಟೊಲ್ಲೆಫ್ಸ್ರುಡ್ ಹತ್ತಿರ ಪೆನ್ಸಿಲ್ ನಿಂತುಬಿಟ್ಟಿತು. ಪರದೆಯ ಆಚೆ ಸಾಲಿನಲ್ಲಿ ನಿಂತವರು, “ಏನಮ್ಮಾ, ಒಳಗೆ ನಿದ್ದೆ ಹೋದ್ಯಾ?” ಎಂದು ಶುರುಮಾಡಿದರು. ಹಾಕಿದೆ. ಎಷ್ಟು ಒತ್ತಿ ಹಾಕಿದೆನೆಂದರೆ ಪೆನ್ಸಿಲ್ಲಿನ ಮೊನೆ ಮುರಿಯಿತು. ಯಾಕೆ ಹಾಕಿದೆ ಎಂದು ಕೇಳಬೇಡ.

ಎಣಿಕೆ ಮುಗಿಯುತ್ತಲೇ ಇಲ್ಲ. ಔಷಧಿ ಅಂಗಡಿಯ ರೇಡಿಯೋ ಮುಂದೆ ಊರು ನಿಂತಿದೆ. ಮೊದಲ ಎಂಟು ಜನ ಯಾರೆಂದು ಗೊತ್ತಾಗಿದೆ, ಅವರಲ್ಲಿ ನಮ್ಮ ಪಕ್ಷದವರು ಕೆಲವರೇ. ಒಂಬತ್ತನೆಯ ಜಾಗಕ್ಕೆ ಬೆಳಗ್ಗೆ ಐನೊ, ಮಧ್ಯಾಹ್ನ ಭಾವ, ಸಂಜೆಗೆ ಮತ್ತೆ ಐನೊ. ದೇವರೇ, ಇಡೀ ರಾಜ್ಯದಲ್ಲಿ ಬೇರೆ ಇಬ್ಬರು ಸಿಗಲಿಲ್ಲವೇ? ರೇಡಿಯೋದವನು ಒಂದೊಂದು ಜಿಲ್ಲೆಯ ಹೆಸರು ಹೇಳಿದಾಗಲೂ ನಾನು ಅಂಗಡಿಯಿಂದ ಹೊರಗೆ ಹೋಗುತ್ತೇನೆ, ಒಳಗೆ ಬರುತ್ತೇನೆ. ಐನೊ ಮಾತ್ರ ಮನೆಯಲ್ಲಿ ಕೂತು ಯಾರದೋ ಮುರಿದ ಕಾಲಿನ ದಾವೆಯ ಕಾಗದ ಓದುತ್ತಿದ್ದಾನೆ. ಒಂದೇ ಪುಟ, ಬೆಳಗಿನಿಂದ.

ಸಿಗ್ನೆ


ನೋರ್ಡಾಲ್
ನವೆಂಬರ್ ೧೭, ೧೯೩೨

ಪ್ರೀತಿಯ ಸಿಗ್ನೆ,

ನಿನಗೆ ಗೊತ್ತಾಗಿರುತ್ತದೆ. ಇವರು ಒಂಬತ್ತನೆಯವರು, ಐನೊ ಹತ್ತನೆಯವನು. ಮನೆಯ ಮುಂದೆ ಬ್ಯಾಂಡಿನವರು ಬಂದು ಬಾರಿಸಿ ಹೋದರು. ಹೊಸ ಟೋಪಿ ಹಾಕಿಕೊಂಡು ನಕ್ಕುನಕ್ಕು ನನ್ನ ಕೆನ್ನೆ ನೋಯುತ್ತಿದೆ.

ನಿನ್ನ ನವೆಂಬರ್ ಎರಡರ ಪತ್ರವನ್ನು ಓದಿ ಕೂತಲ್ಲೇ ಕೂತುಬಿಟ್ಟೆ. ತಪ್ಪು ನನ್ನದೇ, ನೆಟ್ಟಗೆ ಬರೆಯಲಿಲ್ಲ. ಅಂದು ನಡೆದದ್ದು ಇದು.

ಮೀನಿನ ಊಟಕ್ಕೆ ನೆಲಮಾಳಿಗೆ ತುಂಬಿತ್ತು. ಇವರು ಎದ್ದು ಮಾತಾಡಿದರು, ಬೆರಳು ಮಡಚಿದರು, ಎಂಟಕ್ಕೆ ನಿಂತರು. ನಾನು ಒಲೆಯ ಹತ್ತಿರ ಬೆಣ್ಣೆ ಕಾಯಿಸುತ್ತಿದ್ದೆ. ನಿನ್ನ ಪತ್ರದಲ್ಲಿ ಐನೊ ಬೆಂಚು ಹತ್ತಿ ನಿಂತದ್ದನ್ನು ಓದಿದಾಗಿನಿಂದ ಅದೇ ನನ್ನ ತಲೆಯಲ್ಲಿತ್ತು. ಸೌಟು ಕೈಯಲ್ಲಿದ್ದಂತೆಯೇ, “ಒಂಬತ್ತನೇದು ಐನೊ ಲಾಹ್ಟಿನೆನ್” ಎಂದುಬಿಟ್ಟೆ. ಒಲೆಯ ಮುಂದೆ ಕೂಗಿದ್ದಕ್ಕೋ ಏನೋ, ಬಹಳ ಜೋರಾಗಿ ಬಂತು.

ಫೋರ್ಕುಗಳೆಲ್ಲ ನಿಂತವು. ಚರ್ಚಿನ ಹಿರಿಯ ಸ್ಟೆನೆರ್ಸನ್ ತಿರುಗಿ, “ರಾಗ್ನಾ, ಬೆಣ್ಣೆ ಸೀಯ್ತಾ ಇದೆ, ನೋಡ್ಕೋ” ಎಂದರು. ನಕ್ಕರು ಕೆಲವರು.

“ಸೀಯಲಿ. ಅವನು ನನ್ನ ತಂಗಿ ಗಂಡ. ಗಣಿಯಲ್ಲಿ ಕೈಕಾಲು ಕಳ್ಕೊಂಡೋರಿಗೆ ಕೋರ್ಟಲ್ಲಿ ನಿಲ್ಲೋನು. ಅಲ್ಲಿ ಸಾವಿರಾರು ಜನ ನಮ್ಮ ಹಾಲ್ವರ್ ಹೆಸರು ಕಲೀತಿದಾರೆ, ನಾಲಿಗೆ ಹೊರಳದಿದ್ರೂ ಕಲೀತಿದಾರೆ. ನಾವು ಅವನ ಹೆಸರು ನುಂಗ್ತಾ ಇದೀವಿ. ನಂಗೆ ಇದು ಗಂಟಲಲ್ಲಿ ಇಳೀತಿಲ್ಲ.”

ಇವರು ಟೋಪಿ ತೆಗೆದುಕೊಂಡು ಹೊರಗೆ ಹೋಗಿ ಕಾರಿನಲ್ಲಿ ಕೂತರು. ಮನೆಯ ತನಕ ಒಂದು ಮಾತಿಲ್ಲ. ಚುನಾವಣೆ ಮುಗಿದ ಮೇಲೂ ಇಲ್ಲ. ಉಪ್ಪು ಬೇಕಾದರೆ ಎದ್ದು ತಾವೇ ತೆಗೆದುಕೊಳ್ಳುತ್ತಿದ್ದರು. ನಾನು ಇವರನ್ನು ಮುಳುಗಿಸಿದೆನೆಂದೇ ತಿಳಿದಿದ್ದೆ. ಅದಕ್ಕೇ ಹಾಳೆ ಹರಿದದ್ದು ಸಿಗ್ನೆ, ಐನೊನಿಗೆ ದ್ರೋಹ ಮಾಡಿ ಅಲ್ಲ.

ಅಂದು ನೆಲಮಾಳಿಗೆಯಲ್ಲಿ ಪಾತ್ರೆ ತೊಳೆದ ಹೆಂಗಸರೆಲ್ಲ ಅವನಿಗೆ ಹಾಕಿದರು. ಒಬ್ಬೊಬ್ಬರೂ ಬಂದು ಕಿವಿಯಲ್ಲಿ ಹೇಳಿ ಹೋದರು. ಆದರೆ ಒಂದು ಊರಿನ ಪಾತ್ರೆ ತೊಳೆಯುವವರು ಎಷ್ಟು ಜನ? ಮಿಕ್ಕ ಪಶ್ಚಿಮವೆಲ್ಲ ಖಾಲಿ ಬಿಟ್ಟಿತು.

ಪತ್ರಿಕೆಯಲ್ಲಿ ಜಿಲ್ಲಾವಾರು ಮತ ಬಂದ ದಿನ ಇವರು ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ ನೋಡಿದರು. ನಿಮ್ಮ ಜಿಲ್ಲೆಯ ಮೇಲೆ ಬೆರಳಿಟ್ಟರು. ಅಲ್ಲಿ ಐನೊನಿಗೆ ಎಷ್ಟೋ ಇವರಿಗೂ ಹೆಚ್ಚುಕಡಿಮೆ ಅಷ್ಟೇ ಬಿದ್ದಿದೆ. ಮೂರು ವಾರದಲ್ಲಿ ಮೊದಲ ಸಲ ಮಾತಾಡಿದರು. “ನನ್ನನ್ನ ಗೆಲ್ಸಿದ್ದು ಅವನು” ಎಂದರು.

“ಹೋಗಿ ಹೇಳಿ” ಎಂದೆ.

“ಪತ್ರ ಬರೀತೀನಿ.”

“ಪತ್ರ ಬೇಡ. ಹೋಗಿ, ಅಲ್ಲಿ ನಿಂತು ಹೇಳಿ.”

ಮುಂದಿನ ವಾರ, ಶನಿವಾರದ ರೈಲಿಗೆ ಹೊರಡುತ್ತಿದ್ದಾರೆ. ನಾನು ಬರುವುದಿಲ್ಲ. ಬಂದರೆ ನನ್ನ ಹಿಂದೆ ಅಡಗಿಕೊಳ್ಳುತ್ತಾರೆ. ನೀನು ಅವರಿಗೆ ಬಾಗಿಲು ತೆರೆಯುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ತೆರೆ ಎಂದು ಕೇಳುವ ಮುಖವೂ ನನಗಿಲ್ಲ.

ರಾಗ್ನಾ


ಕಾರ್ಪಿಲಾ
ನವೆಂಬರ್ ೨೮, ೧೯೩೨

ನನ್ನ ಅಕ್ಕಾ,

ಬಾಗಿಲು ತೆರೆದೆ. ನಿನ್ನ ಪತ್ರ ಬರದೆ ಇದ್ದಿದ್ದರೆ ತೆರೆಯುತ್ತಿರಲಿಲ್ಲ. ಅದನ್ನು ಓದಿ ನಾನು ಅತ್ತದ್ದು, ನಿನ್ನ ಸೌಟನ್ನು ನೆನೆದು ಅಳುವಿನ ನಡುವೆಯೇ ನಕ್ಕದ್ದು, ಅದನ್ನೆಲ್ಲ ನೀನು ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಮೀನಿನ ವಿಷಯ ಬರೆದದ್ದಕ್ಕೆ ನನ್ನ ಕಿವಿ ಹಿಂಡು.

ಭಾವ ಬಂದಾಗ ಹಿಮ ಬೀಳುತ್ತಿತ್ತು. ಹಬೆಸ್ನಾನದ ನಮ್ಮ ಸೌನಾ ಕೊಠಡಿ ಕಾಯಿಸಿದ್ದೆವು, ಐನೊ ಅವರನ್ನು ನೇರ ಅಲ್ಲಿಗೇ ಕರೆದುಕೊಂಡು ಹೋದ. ಇಬ್ಬರೂ ಕೆಂಪಗೆ ಬೆಂದು ಹೊರಗೆ ಬಂದರು, ಒಳಗೆ ಒಂದೂ ಮಾತಾಡಲಿಲ್ಲವಂತೆ. ಭಾನುವಾರ ಮಧ್ಯಾಹ್ನ ಹಾಲ್‌ನಲ್ಲಿ ಸಭೆ. ನಿಲ್ಲಲು ಜಾಗವಿರಲಿಲ್ಲ. ತಾವು ಓಟು ಹಾಕಿದ ಮನುಷ್ಯ ನೋಡಲು ಹೇಗಿದ್ದಾನೆ ಎಂಬ ಕುತೂಹಲ ಜನಕ್ಕೆ. ಇಲ್ಲಿ ವಯಸ್ಸಾದವರಿಗೆ ಇಂಗ್ಲಿಷ್ ಬರುವುದಿಲ್ಲ, ನಿನಗೆ ಗೊತ್ತು. ಭಾವ ಒಂದೊಂದು ಮಾತು ಹೇಳುವುದು, ಪಕ್ಕದಲ್ಲಿ ನಿಂತ ಐನೊ ಅದನ್ನು ಫಿನ್ನಿಷ್‌ನಲ್ಲಿ ಹೇಳುವುದು ಎಂದಾಯಿತು.

ಮೊದಲು ಹಾಲು, ಬೆಣ್ಣೆ, ಸೊಸೈಟಿ. ಆಮೇಲೆ ಭಾವ ನಿಲ್ಲಿಸಿದರು. “ನಿಮಗೆ ಒಂದು ವಿಷಯ ಹೇಳಬೇಕು. ಬೇಸಿಗೇಲಿ ನಾನು ಇವರಿಗೆ ಮಾತು ಕೊಟ್ಟಿದ್ದೆ, ನಮ್ಮ ಸೀಮೆಯಲ್ಲಿ ಇವರ ಹೆಸರು ಹೇಳ್ತೀನಿ ಅಂತ. ಹೇಳಲಿಲ್ಲ. ಹೇಳಿದ್ರೆ ನನಗೆ ಬರೋ ಓಟು ಹೋಗುತ್ತೆ ಅಂತ ಹೆದರಿದೆ. ನೀವು ನನ್ನ ಹೆಸರು ಹೇಳಿದ್ರಿ. ಇಲ್ಲಿಂದ ವಾಷಿಂಗ್ಟನ್ನಿಗೆ ಹೊರಡಬೇಕಾಗಿದ್ದೋರು ಇವರು, ನಾನಲ್ಲ.”

ಐನೊ ಭಾವನ ಮುಖ ನೋಡಿದ. ಆಮೇಲೆ ಜನರ ಕಡೆ ತಿರುಗಿ ಫಿನ್ನಿಷ್‌ನಲ್ಲಿ ಹೇಳಿದ. ಹನ್ನೊಂದು ವರ್ಷದಲ್ಲಿ ನನಗೂ ಆ ಭಾಷೆ ಬಂದಿದೆ ಅಕ್ಕ. ಅವನು ಹೇಳಿದ್ದು ಇಷ್ಟೇ: “ಇವರು ಹೇಳ್ತಿರೋದು, ನಾನು ಗೆದ್ದಿದ್ದು ನಿಮ್ಮಿಂದ, ನಿಮ್ಮ ಕೆಲಸಕ್ಕೇ ಹೋಗ್ತಿದೀನಿ, ಅಲ್ಲಿ ಏನು ಹೇಳಬೇಕೋ ಈಗಲೇ ಬಂದು ನನಗೆ ಹೇಳಿ, ಅಂತ.”

ಇಂಗ್ಲಿಷ್ ಬಲ್ಲ ಕಿರಿಯರು ಗೋಡೆಯ ಪಕ್ಕ ನಿಂತಿದ್ದರು. ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರೂ ತುಟಿ ಬಿಚ್ಚಲಿಲ್ಲ.

ಭಾವ ತಲೆ ತಗ್ಗಿಸಿ ನಿಂತಿದ್ದರು, ಬೈಗುಳ ಬೀಳಲಿ ಎಂದು ಕಾಯುವವರ ಹಾಗೆ. ಬೈಗುಳದ ಬದಲು ಬೆಂಚುಗಳು ಸರಿದ ಸದ್ದಾಯಿತು. ಹಿರಿಯರು ಎದ್ದು ಸಾಲಾಗಿ ಬಂದರು. ಕಲ್ಲು ಬಿದ್ದು ಮೂರು ಬೆರಳು ಹೋದ ಕೊಸ್ಕೆಲಾ ಆ ಕೈಯನ್ನೇ ಚಾಚಿದ. ಧೂಳಿನಿಂದ ಎದೆ ಕಟ್ಟಿದವನು, ವಸಂತದಿಂದ ಸಂಬಳ ಕಾಣದವನು, ಗಂಡ ಸತ್ತ ಮೇಲೆ ಕಂಪನಿಯ ಮನೆ ಬಿಡಬೇಕಾದವಳು, ಒಬ್ಬೊಬ್ಬರೂ ಭಾವನ ಕೈ ಹಿಡಿದುಕೊಂಡು ತಮ್ಮ ತಮ್ಮ ಕಷ್ಟ ಹೇಳಿದರು. ಐನೊ ಅವನ್ನು ಮಾತ್ರ ಒಂದಕ್ಷರ ಬಿಡದೆ ಇಂಗ್ಲಿಷ್‌ನಲ್ಲಿ ಹೇಳಿದ. ಭಾವ ಅಳುತ್ತಿದ್ದರು. ಸಾಲು ಮುಗಿಯುವವರೆಗೂ ಕೂರಲಿಲ್ಲ.

ರೈಲು ಹತ್ತುವಾಗ ನನ್ನ ಭುಜ ಹಿಡಿದು, “ಅಷ್ಟು ದೊಡ್ಡ ತಪ್ಪು ಹೇಳ್ಕೊಂಡ್ರೂ ಕೈ ಕೊಟ್ರಲ್ಲ ಸಿಗ್ನೆ, ಎಂಥ ಜನ” ಎಂದರು. ನಾನು ಅವರ ಕೋಟಿನ ಮೇಲಿನ ಹಿಮ ಕೊಡವಿದೆ.

ಮನೆಗೆ ಬರುವ ದಾರಿಯಲ್ಲಿ ಐನೊನನ್ನು ಕೇಳಿದೆ. “ಯಾಕೆ ಹಾಗೆ ಹೇಳಿದೆ? ಅವರು ತಪ್ಪೊಪ್ಪಿಕೊಂಡಿದ್ದನ್ನ ನೀನೇ ಮುಚ್ಚಿಬಿಟ್ಟೆಯಲ್ಲ.”

“ಅವರಿಗೆ ಹಗುರಾಗಬೇಕಿತ್ತು” ಎಂದ. “ನನಗೆ ಅವರು ಆ ಭಾರ ಹೊತ್ಕೊಂಡು ಹೋಗೋದು ಬೇಕಿತ್ತು. ಕ್ಷಮೆ ಸಿಕ್ಕೋರು ಮನೆಗೆ ಹೋಗಿ ಮಲಗ್ತಾರೆ ಸಿಗ್ನೆ. ಈ ಕೊಸ್ಕೆಲಾನ ಕೈ ಹಿಡಿದೋರು ಮಲಗಲ್ಲ.”

“ನಿನಗೆ ಸಿಟ್ಟೇ ಬರಲ್ವಾ?”

ಬಿರಬಿರನೆ ಮುಂದೆ ನಡೆದ.

ಇವತ್ತು ಬೆಳಗಿನಿಂದ ಹಿತ್ತಿಲಿನಲ್ಲಿ ಸೌದೆ ಒಡೆಯುತ್ತಿದ್ದಾನೆ. ಎರಡು ಚಳಿಗಾಲಕ್ಕೆ ಆಗುವಷ್ಟು ಸೌದೆ ಮೊದಲೇ ಜೋಡಿಸಿಟ್ಟಿದೆ. ಒಡೆದದ್ದನ್ನೇ ಮತ್ತೆ ಸಣ್ಣಗೆ ಒಡೆಯುತ್ತಿದ್ದಾನೆ. ಈ ಚುನಾವಣೆಯಲ್ಲಿ ತನಗಾದದ್ದಕ್ಕೆ ಅವನು ತೋರಿಸಿದ ಸಿಟ್ಟೆಂದರೆ ಇಷ್ಟೇ. ಕೊಡಲಿಯ ಸದ್ದು ಕೇಳುತ್ತಲೇ ಇದನ್ನು ಬರೆಯುತ್ತಿದ್ದೇನೆ.

ಭಾವ ಮನೆ ತಲುಪಿ ಗಣಿಸೀಮೆಯವರು ತಮ್ಮನ್ನು ಕ್ಷಮಿಸಿದರು ಎಂದು ನಿನಗೆ ಹೇಳುತ್ತಾರೆ. ನಡೆದದ್ದು ಈಗ ನಿನಗೆ ಗೊತ್ತು. ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು, ನನಗೆ ತಿಳಿಯುತ್ತಿಲ್ಲ ಅಕ್ಕ. ವಿಮೆಯ ಕಾನೂನಿಗೆ ಅವರು ಕೈ ಎತ್ತುವವರೆಗಾದರೂ ಸುಮ್ಮನಿರು ಎಂದು ನನ್ನ ಅರ್ಧ ಮನಸ್ಸು ಹೇಳುತ್ತದೆ. ಇನ್ನರ್ಧ ಮನಸ್ಸು ಹಿತ್ತಿಲಿನಲ್ಲಿದೆ.

ಹಿಮ ಮತ್ತೆ ಶುರುವಾಯಿತು. ಅವನು ಟೋಪಿಯನ್ನೂ ಹಾಕಿಕೊಂಡಿಲ್ಲ. ಸಾಕು ಮಾಡು, ಒಳಗೆ ಬಾ ಎಂದು ಹೇಳಲು ಹೋಗುತ್ತೇನೆ.

ನಿನ್ನ
ಸಿಗ್ನೆ